ಮುಂದಿನ ನಡೆ ನಿಮ್ಮದು

“ಆಂಟಿ, ನಾನು ಆಡುದು ಬಿಟ್ಟು ಆರು ವಾರ ಆಯ್ತು. ನಿಮ್ಗೆ ಗೊತ್ತೇ ಆಗ್ಲಿಲ್ಲ ಅಲ್ವಾ?”

ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋಗಿದ್ದೆ. ಕಾಂಪೌಂಡಿನ ಆಚೆ ನಿಂತು ಪಕ್ಕದ ಮನೆಯ ಹುಡುಗಿ ನಗುತ್ತಲೇ ಕೇಳಿದಳು. ಆಗ ಅವಳು ಒಂಬತ್ತನೇ ಕ್ಲಾಸು. ನಮ್ಮ ಆನ್‌ಲೈನ್ ಚೆಸ್ ಗುಂಪಿಗೆ ಅವಳನ್ನು ಒತ್ತಾಯ ಮಾಡಿ ಸೇರಿಸಿದವಳು ನಾನೇ. ಗುಂಪಿನ ಅಡ್ಮಿನ್ ಕೂಡ ನಾನೇ. ಹಿಂದಿನ ದಿನವಷ್ಟೇ ಒಂದು ಮದುವೆ ಮನೆಯಲ್ಲಿ, “ನಮ್ಮ ಗುಂಪು ಎಷ್ಟು ಚಂದ ನಡೀತಾ ಉಂಟು ಗೊತ್ತುಂಟಾ” ಎಂದು ಜಂಬ ಕೊಚ್ಚಿ ಬಂದವಳೂ ನಾನೇ!

ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಆರು ವಾರ ಒಂದು ಮಗು ಬಂದಿಲ್ಲ ಎಂಬುದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಚದುರಿಹೋದ ನಾವು ಹನ್ನೆರಡು ಮಂದಿ ಇವತ್ತಿಗೂ ವಾರ ವಾರ ಒಟ್ಟಿಗೆ ಆಡುತ್ತಿದ್ದರೆ, ಅದಕ್ಕೆ ಆ ದಿನ ಹಿತ್ತಲಲ್ಲಿ ಕೇಳಿಸಿಕೊಂಡ ಆ ಮಾತೇ ಕಾರಣ.

ಲೂಡೋ ಕಾಲ

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಆಗ ಯಾರ ಮನೆಗೆ ಫೋನ್ ಮಾಡಿದರೂ ಲೂಡೋ ಕಿಂಗ್‌ನದ್ದೇ ಸುದ್ದಿ. ನವಿ ಮುಂಬಯಿಯ ಕಂಪೆನಿಯೊಂದು 2016ರಲ್ಲಿ ಹೊರತಂದ ಆಟ ಅದು. ಮನೆಯಲ್ಲಿ ಕಟ್ಟಿಹಾಕಿದಂತೆ ಕುಳಿತ ನಮಗೆಲ್ಲ ಆ ವರ್ಷ ಪರಿಚಯವಾಯಿತು. ಮಣಿಪಾಲದ ಅಕ್ಕನ ಮನೆಯವರು, ಕಾಪುವಿನ ಸೋದರತ್ತೆ, ಕಾರ್ಕಳದ ಮಾವ, ದುಬೈ ಮತ್ತು ಕುವೈಟಿನಲ್ಲಿರುವ ಅಣ್ಣಂದಿರು, ನೆರೆಕರೆಯವರು ಎಲ್ಲರನ್ನೂ ಸೇರಿಸಿ ವಾಟ್ಸ್‌ಆ್ಯಪ್ ಗುಂಪು ಮಾಡಿದೆ. ಸಿಕ್ಕಿದ ನಂಬರನ್ನೆಲ್ಲ ಹಾಕಿದೆ. 43 ಮಂದಿಯಾದರು. ಜನ ಸೇರಿಸುವುದೇ ಗುಂಪು ಕಟ್ಟುವುದು ಎಂದುಕೊಂಡಿದ್ದೆ.

ಮರುವರ್ಷಕ್ಕೆ ಆ ಗುಂಪಿನಲ್ಲಿ ಉಳಿದದ್ದು ಬೆಳಗಿನ ಗುಲಾಬಿ ಹೂ, ಶುಭೋದಯ, ಹಬ್ಬದ ಶುಭಾಶಯ. ಆಟ ಇಲ್ಲ. ಲೂಡೋದ ತೊಂದರೆ ಎಂತ ಅಂದರೆ ನಾಲ್ವರೂ ಒಂದೇ ಹೊತ್ತಿಗೆ ಕೂರಬೇಕು. ಒಬ್ಬರ ಮನೆಯಲ್ಲಿ ಹಾಲು ಉಕ್ಕಿತು ಅಂದರೆ ಉಳಿದ ಮೂವರು ಕಾಯಬೇಕು. ಆಫೀಸು, ಶಾಲೆ ತೆರೆದ ಮೇಲೆ ಅದು ಸಾಧ್ಯವಾಗಲಿಲ್ಲ. ದಾಳದ ಆಟವಾದ್ದರಿಂದ, ಮೊನ್ನೆಗಿಂತ ಇವತ್ತು ಚೆನ್ನಾಗಿ ಆಡಿದೆ ಎಂಬ ಖುಷಿಗೂ ಅಲ್ಲಿ ಜಾಗ ಕಡಿಮೆ.

ಅಂತರ್ಜಾಲ ಬಳಸುವವರ ಸ್ವಭಾವ ಗಮನಿಸಿದ ಜೇಕಬ್ ನೀಲ್ಸನ್ ಎಂಬವರು 2006ರಲ್ಲಿ ಒಂದು ಲೆಕ್ಕ ಬರೆದಿದ್ದಾರೆ: ಇಂಥ ಕೂಟಗಳಲ್ಲಿ ನೂರಕ್ಕೆ 90 ಮಂದಿ ಸುಮ್ಮನೆ ನೋಡುವವರು, 9 ಮಂದಿ ಆಗೊಮ್ಮೆ ಈಗೊಮ್ಮೆ ಕೈ ಹಾಕುವವರು, ಎಲ್ಲವನ್ನೂ ಮಾಡುವವರು ಒಬ್ಬರು. ನಮ್ಮ 43ರಲ್ಲಿ ಕೊನೆಗೆ ಆಡುತ್ತಿದ್ದವರು ಐದು ಮಂದಿ. ಹೆಚ್ಚು ಕಡಿಮೆ ಅದೇ ಲೆಕ್ಕ!

ನಾಲ್ಕೇ ಜನ

ನನ್ನ ತಲೆಗೆ ಸ್ವಲ್ಪ ಬೆಳಕು ಬಿದ್ದದ್ದು ಅಕ್ಕನ ಮಗನಿಂದ. ಮಣಿಪಾಲದಲ್ಲಿ ಓದುತ್ತಿದ್ದ ಅವನಿಗೆ ಪಬ್‌ಜಿ ಹುಚ್ಚು. ನೂರು ಮಂದಿ ಒಂದು ದ್ವೀಪಕ್ಕಿಳಿದು ಕೊನೆಗೆ ಉಳಿದವರು ಗೆಲ್ಲುವ ಆಟ. ಅದರಲ್ಲಿ ನಾಲ್ವರ ತಂಡ ಮಾಡಿಕೊಂಡೂ ಆಡಬಹುದು.

“ಚಿಕ್ಕಮ್ಮ, ನಮ್ಮವರದ್ದು ಡಿಸ್ಕಾರ್ಡಿನಲ್ಲಿ ದೊಡ್ಡ ಗುಂಪು ಉಂಟು. ನೂರಾರು ಜನ. ಅದರಲ್ಲಿ ಯಾರೂ ಆಡುದಿಲ್ಲ” ಎಂದ. “ಆಡುದು ನಾವು ನಾಲ್ಕೇ ಜನ. ಒಬ್ಬ ಬರ್ಲಿಲ್ಲ ಅಂದ್ರೆ ಉಳಿದವ್ರು ಹಾಸ್ಟೆಲಿಗೇ ಹೋಗಿ ಬಾಗಿಲು ಬಡಿತೇವೆ.”

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿಯನ್ನು ನಿಷೇಧಿಸಿತು. ಈ ನಾಲ್ವರು ಬೇರೆ ಆಟಕ್ಕೆ ಹಾರಿದರು. 2021ರ ಜುಲೈಯಲ್ಲಿ ಅದರ ಭಾರತೀಯ ರೂಪ ಬಿಜಿಎಂಐ ಬಂತು, ಮರಳಿದರು. 2022ರ ಜುಲೈಯಲ್ಲಿ ಅದೂ ಹೋಯಿತು, ಮತ್ತೆ ಹಾರಿದರು. 2023ರ ಮೇ ತಿಂಗಳಲ್ಲಿ ಆಟ ಪುನಃ ಬಂತು. ಆದರೆ ಅಷ್ಟರಲ್ಲಿ ಓದು ಮುಗಿದು ಒಬ್ಬೊಬ್ಬ ಒಂದೊಂದು ಊರಿಗೆ ಹೊರಟಿದ್ದ. ಸರಕಾರದ ನಿಷೇಧಕ್ಕೂ ಒಡೆಯದ ತಂಡ ಪದವಿ ಪ್ರದಾನಕ್ಕೆ ಒಡೆಯಿತು. ಮಣಿಪಾಲದಲ್ಲಿ ಹುಟ್ಟುವ ಎಷ್ಟೋ ಗುಂಪುಗಳ ಆಯುಷ್ಯ ನಾಲ್ಕೇ ವರ್ಷ.

ನನಗೆ ಅದರಲ್ಲಿ ಕಂಡದ್ದು ಇಷ್ಟು: ಆಟ ಬದಲಾದರೂ ತಂಡ ಉಳಿದಿತ್ತು. ಒಬ್ಬ ಬರದಿದ್ದರೆ ಆಟವೇ ನಿಲ್ಲುತ್ತಿತ್ತು, ಅದಕ್ಕೇ ಉಳಿದವರು ಹೋಗಿ ಬಾಗಿಲು ಬಡಿಯುತ್ತಿದ್ದರು. ನನ್ನ 43 ಮಂದಿಯ ಗುಂಪಿನಲ್ಲಿ ಯಾರ ಬಾಗಿಲನ್ನೂ ಯಾರೂ ಬಡಿದದ್ದಿಲ್ಲ.

ಹನ್ನೊಂದು ಸೋಲು

ಲಿಚೆಸ್ ತೋರಿಸಿಕೊಟ್ಟದ್ದೂ ಅವನೇ. ಫ್ರಾನ್ಸಿನ ತಿಬೊ ಡುಪ್ಲೆಸಿ 2010ರಲ್ಲಿ ಶುರುಮಾಡಿದ ಚೆಸ್ ತಾಣ. ಜಾಹೀರಾತಿಲ್ಲ, ಹಣ ಕೇಳುವುದಿಲ್ಲ, ದೇಣಿಗೆಯಿಂದ ನಡೆಯುತ್ತದೆ. ನಮಗೆ ಹೇಳಿ ಮಾಡಿಸಿದಂತೆ ಕಂಡದ್ದು ಅದರ ಅಂಚೆ ಆಟ. ಒಂದು ನಡೆಗೆ ಒಂದು ದಿನದಿಂದ ಹದಿನಾಲ್ಕು ದಿನದವರೆಗೆ ಸಮಯ ಇಟ್ಟುಕೊಳ್ಳಬಹುದು. ಹಿಂದೆ ಪೋಸ್ಟ್ ಕಾರ್ಡಿನಲ್ಲಿ ಚೆಸ್ ಆಡುತ್ತಿದ್ದರಲ್ಲ, ಹಾಗೆ. ಹಾಲು ಉಕ್ಕಿದರೂ ಯಾರಿಗೂ ತೊಂದರೆ ಇಲ್ಲ.

2022ರಲ್ಲಿ ಹಳೆಯ ಐವರು, ಹೊಸ ಐವರು ಸೇರಿ ಶುರುಮಾಡಿದೆವು. ದುಬೈಯಲ್ಲಿ ಆ ವರ್ಷದ ಜನವರಿಯಿಂದ ವಾರದ ರಜೆ ಶನಿವಾರ-ಭಾನುವಾರಕ್ಕೆ ಬಂತು, ಕುವೈಟಿನಲ್ಲಿ ಶುಕ್ರವಾರ-ಶನಿವಾರ. ಎಲ್ಲರಿಗೂ ಆಗುವ ದಿನ ಶನಿವಾರ ಒಂದೇ. ನಮ್ಮ ರಾತ್ರಿ ಒಂಬತ್ತು ಅಂದರೆ ದುಬೈಯಲ್ಲಿ ಏಳೂವರೆ, ಕುವೈಟಿನಲ್ಲಿ ಆರೂವರೆ. ಹಾಗೆ ವಾರವಿಡೀ ಅಂಚೆ ಆಟ, ಶನಿವಾರ ರಾತ್ರಿ ಎಲ್ಲರೂ ಕೂಡಿ ಹತ್ತು ನಿಮಿಷದ ಆಟ ಎಂದು ನಿಶ್ಚಯವಾಯಿತು.

ಜನ ಬರಲಿ ಎಂದು ನಾನು ಬಹುಮಾನವನ್ನೂ ಇಟ್ಟೆ. ತಿಂಗಳ ವಿಜೇತರಿಗೆ ಗೇರುಬೀಜದ ಬರ್ಫಿ. ಮೂರು ತಿಂಗಳೂ ಗೆದ್ದದ್ದು ಕಾರ್ಕಳದ ಮಾವ. ಬೊಂಬಾಯಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡುವಾಗ ಸಂಜೆ ಸಂಜೆ ಚೆಸ್ ಆಡಿ ಪಳಗಿದವರು ಅವರು. ಮೂರನೆಯ ಸಲ ಬರ್ಫಿ ಕೊಡುವಾಗ, “ನಂಗೆ ಶುಗರ್ ಉಂಟು ಮಾರಾಯ್ತಿ, ಇದನ್ನೆಂತ ಮಾಡುದು ನಾನು?” ಎಂದರು. ನಾವು ನಕ್ಕೆವು. ಆದರೆ ಆ ಬರ್ಫಿ ಹೇಗೂ ಬರುವವರನ್ನು ಮಾತ್ರ ಬರಿಸುತ್ತಿತ್ತು. ಗೆಲ್ಲುವ ಆಸೆಯೇ ಇಲ್ಲದವರಿಗೆ ಅದು, ನಿಮಗಲ್ಲ ಎಂದು ಹೇಳುತ್ತಿತ್ತು.

ಆ ಹುಡುಗಿಯದ್ದೂ ಹಾಗೇ ಆಯಿತು. ಲಿಚೆಸ್‌ನಲ್ಲಿ ಹೊಸಬರಿಗೂ 1500 ಅಂಕದ ರೇಟಿಂಗ್ ಕೊಟ್ಟೇ ಶುರುಮಾಡುತ್ತಾರೆ. ಸೋತಂತೆಲ್ಲ ಇಳಿಯುತ್ತದೆ, ಅದೂ ಮೊದಮೊದಲು ದಡದಡ ಇಳಿಯುತ್ತದೆ. ಇವಳು ಸಾಲಾಗಿ ಹನ್ನೊಂದು ಆಟ ಸೋತಳು. ಪ್ರತಿ ಸಲ ಯಾರೋ ಒಬ್ಬರು ಕಣ್ಣೀರು ಬರುವಂತೆ ನಗುವ ಚಿತ್ರ ಹಾಕಿದರು. ಒಂದೆರಡು ಸಲ ನಾನೂ ಹಾಕಿದ್ದೆ.

“ಸೋತದ್ದಕ್ಕೆ ಬಿಟ್ಟದ್ದಲ್ಲ ಆಂಟಿ” ಎಂದಳು ಆ ದಿನ. “ಸೋತ ಮೇಲೆ ಯಾರೂ ಎಂತದೂ ಹೇಳ್ಲಿಲ್ಲ. ಎಲ್ಲಿ ತಪ್ಪಿತು ಅಂತ ಒಬ್ರಾದ್ರೂ ಹೇಳ್ಬಹುದಿತ್ತು.”

ಅವಳು ಹೋದ ಮೇಲೆ ನನಗೆ ನೆನಪಾದದ್ದು ನಮ್ಮ ಅಜ್ಜಿಯ ಚೆನ್ನೆಮಣೆ. ಏಳು ಏಳರ ಎರಡು ಸಾಲು, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಬೀಜ. ಆಟಿ ತಿಂಗಳ ಜಡಿಮಳೆಯಲ್ಲಿ ಚಾವಡಿಯಲ್ಲಿ ಆಡುವುದು. ಅಕ್ಕ-ತಂಗಿ ಎದುರು ಬದುರು ಕೂತು ಆಡಬಾರದು ಎಂಬ ಕಟ್ಟುಪಾಡು ತುಳುನಾಡಿನಲ್ಲಿ ಉಂಟು. ಸಿರಿ ಪಾಡ್ದನದ ಅಬ್ಬಗ-ದಾರಗ ಎಂಬ ಅಕ್ಕ-ತಂಗಿಯರು ಇದೇ ಆಟದಲ್ಲಿ ಜಗಳವಾಡಿ, ಅಕ್ಕ ಮಣೆಯಿಂದ ಹೊಡೆದು ತಂಗಿ ಸತ್ತಳು; ಆಮೇಲೆ ಅಕ್ಕನೂ ಬಾವಿಗೆ ಹಾರಿದಳು. ಆಟದ ಸೋಲು ಮನೆ ಒಡೆಯಬಲ್ಲದು ಎಂಬುದು ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು. ನಮ್ಮ ಅಜ್ಜಿ ಸೋಲುತ್ತಿರುವ ಮಗುವಿನ ಪಕ್ಕದಲ್ಲೇ ಕೂರುತ್ತಿದ್ದರು. ಬೀಜ ಕೈಗೆತ್ತಿಕೊಂಡಾಗ ಹೇಳುತ್ತಿದ್ದದ್ದು ಒಂದೇ ಮಾತು: “ಒಮ್ಮೆ ಎಣಿಸಿ ನೋಡು ಮಗಾ.” ನಮ್ಮ ಆನ್‌ಲೈನ್ ಗುಂಪಿನಲ್ಲಿ ಪಕ್ಕದಲ್ಲಿ ಕೂರುವವರೇ ಇರಲಿಲ್ಲ.

ಬಾಳೆ ಮುಹೂರ್ತ

ಮಾರನೆಯ ದಿನ ನಾನೇ ಅವರ ಮನೆಗೆ ಹೋಗಿ ತಪ್ಪಾಯಿತು ಎಂದೆ. ಮರಳಿ ಬಾ ಎಂದೆ. “ಆಡುದಿಲ್ಲ ಆಂಟಿ. ಬೇಕಾದ್ರೆ ಯಾರ್ಯಾರಿಗೆ ಯಾರ್ಯಾರು ಜೋಡಿ ಅಂತ ಪಟ್ಟಿ ಮಾಡಿಕೊಡ್ತೇನೆ” ಎಂದಳು.

ಅವಳ ಪಟ್ಟಿ ನನ್ನದಕ್ಕಿಂತ ಎಷ್ಟೋ ಮೇಲು. ನಾನು ಚೀಟಿ ಎತ್ತಿ ಜೋಡಿ ಮಾಡುತ್ತಿದ್ದೆ. ಅವಳು ಹತ್ತಿರ ಹತ್ತಿರ ಶಕ್ತಿಯವರನ್ನು ಜೋಡಿಸಿದಳು. ಮಾವನಿಗೆ ಕಾಪುವಿನ ಅತ್ತೆ ಸಿಕ್ಕಿದ ದಿನ ಮಾವ ಮಂತ್ರಿ ಇಲ್ಲದೆ ಆಡಬೇಕು ಎಂದು ಷರತ್ತು ಹಾಕಿದಳು. ಗುಂಪಿನೊಳಗಿನ ಆಟಗಳಿಗೆ ರೇಟಿಂಗ್ ತೆಗೆದುಹಾಕಿಸಿದಳು. ಬರ್ಫಿಯನ್ನೂ ನಿಲ್ಲಿಸಿದಳು. ಆ ತಿಂಗಳು ಮೊದಲ ಬಾರಿಗೆ ಮಾವ ಸೋತರು. ಸೋತು ಅವರಷ್ಟು ಖುಷಿಪಟ್ಟವರು ಇನ್ನೊಬ್ಬರಿಲ್ಲ.

ಫೆಬ್ರವರಿ ಬಂತು, ಅವಳಿಗೆ ಪರೀಕ್ಷೆ. ಪಟ್ಟಿ ಯಾರು ಮಾಡುವುದು? ನಾನು ಕೈ ಹಾಕಲು ಹೊರಟಾಗ ಅತ್ತೆ ಹೇಳಿದರು: “ಉಡುಪಿಯಲ್ಲಿ ಕೂತು ನಿಂಗೆ ಅಷ್ಟೂ ಗೊತ್ತಾಗುದಿಲ್ವಾ? ಪರ್ಯಾಯ ಮಾಡು.”

ನಮ್ಮ ಕೃಷ್ಣ ಮಠದ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಮಧ್ವಾಚಾರ್ಯರು ಎಂಟು ಮಠಗಳಿಗೆ ಎರಡೆರಡು ತಿಂಗಳ ಸರದಿ ಇಟ್ಟಿದ್ದರು, ವಾದಿರಾಜರು ಅದನ್ನು ಎರಡೆರಡು ವರ್ಷ ಮಾಡಿದರು. ಒಂದು ಸುತ್ತಿಗೆ ಹದಿನಾರು ವರ್ಷ. ಯಾವ ಮಠವೂ ಸದಾ ಹೊರುವುದಿಲ್ಲ, ಯಾವ ಮಠವೂ ಹೊರಗೆ ಉಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು: ಸರದಿ ಬರುವ ಒಂದು ವರ್ಷ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತ. ಮುಂದಿನವರು ಮೊದಲೇ ತಯಾರಾಗುತ್ತಾರೆ.

2023ರ ಏಪ್ರಿಲಿನಿಂದ ನಾವೂ ಹಾಗೇ ಮಾಡಿದೆವು. ಇಬ್ಬರು ಹೊಸಬರು ಸೇರಿ ಆಗ ಹನ್ನೆರಡು ಮಂದಿ, ತಿಂಗಳಿಗೊಬ್ಬರು. ಯಾರ ತಿಂಗಳೋ ಅವರದ್ದೇ ಜೋಡಿ ಪಟ್ಟಿ, ಅವರದ್ದೇ ನಿಯಮ. ಮುಂದಿನ ತಿಂಗಳಿನವರು ಈ ತಿಂಗಳೇ ಜೊತೆಗಿದ್ದು ಕಲಿಯಬೇಕು. ಅದಕ್ಕೆ ನಾವಿಟ್ಟ ಹೆಸರು ಬಾಳೆ ಮುಹೂರ್ತ. ಪರ್ಯಾಯ ಹೊತ್ತವರಿಗೆ ಒಂದು ಕಡ್ಡಾಯ ಕೆಲಸ ಉಂಟು: ಎರಡು ಶನಿವಾರ ಯಾರು ಬರಲಿಲ್ಲವೋ ಅವರಿಗೆ ಫೋನ್ ಮಾಡಬೇಕು. ಮೆಸೇಜು ಅಲ್ಲ, ಫೋನು. “ಯಾಕೆ ಬರ್ಲಿಲ್ಲ” ಎಂದು ಕೇಳಬಾರದು, “ಹೇಗಿದ್ದೀರಿ” ಎಂದು ಕೇಳಬೇಕು.

ಅತ್ತೆಗೆ ಆ್ಯಪಿನ ಸೆಟ್ಟಿಂಗು ಒಂದೂ ತಿಳಿಯದು. ಅವರ ತಿಂಗಳಲ್ಲಿ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಜೋಡಿ ಬರೆದು ಫೋಟೋ ತೆಗೆದು ಕಳಿಸಿದರು. ಅದಕ್ಕೆ ಮೊದಲು ತಿಂಗಳಿಗೊಮ್ಮೆ ಇಣುಕುತ್ತಿದ್ದ ಅವರು ಆಮೇಲೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಉಣ್ಣಲು ಬಂದವರು ಎಲೆ ತೆಗೆದು ಹೊರಡುತ್ತಾರೆ, ಬಡಿಸಿದವರಿಗೆ ಅಷ್ಟು ಸುಲಭಕ್ಕೆ ಹೊರಡಲು ಆಗುವುದಿಲ್ಲ.

ಊರಿನ ಪಂಚಾಂಗ

ಆಟ ನಿಲ್ಲಿಸುವುದನ್ನೂ ಕಲಿತೆವು. ನಮ್ಮ ಕರಾವಳಿಯಲ್ಲಿ ನವೆಂಬರಿನಿಂದ ಮೇ ತನಕ ಯಾರು ರಾತ್ರಿ ಮನೆಯಲ್ಲಿರುತ್ತಾರೆ? ಯಕ್ಷಗಾನ ಮೇಳಗಳ ತಿರುಗಾಟ, ಕಂಬಳ, ಕೋಲ, ನೇಮ, ಏಪ್ರಿಲ್-ಮೇಯಲ್ಲಿ ಮದುವೆ, ಉಪನಯನ. ಕಾಪುವಿನಲ್ಲಿ ಮಾರಿಪೂಜೆಯ ವಾರ ಅತ್ತೆಯ ಮನೆ ತುಂಬ ನೆಂಟರು. ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ. ಮೊದಲು ನಾನು, “ಯಾರೂ ಬರ್ತಾ ಇಲ್ಲ” ಎಂದು ಗುಂಪಿನಲ್ಲಿ ಸಿಡುಕುತ್ತಿದ್ದೆ. ಸಿಡುಕಿದಾಗ ಬಾರದವರು ಬರಲಿಲ್ಲ, ಬರುತ್ತಿದ್ದವರೂ ಮುದುಡಿದರು.

ಈಗ ಆ ತಿಂಗಳುಗಳಲ್ಲಿ ಅಂಚೆ ಆಟ ಮಾತ್ರ. ಬಿಡುವು ಬೇಕಾದವರು, “ರಜೆ” ಎಂದು ಬರೆದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಮರಳಿ ಬಂದಾಗ, “ಓ, ಈಗ ನೆನಪಾಯ್ತಾ?” ಎಂಬ ಕುಟುಕು ಮಾತು ಇಲ್ಲ. ಎಷ್ಟೋ ಜನ ಬಿಟ್ಟುಹೋಗುವುದು ಆಟ ಬೇಸರವಾಗಿ ಅಲ್ಲ. ನಾಲ್ಕು ವಾರ ತಪ್ಪಿಸಿದ ಮೇಲೆ ಮುಖ ತೋರಿಸಲು ಸಂಕೋಚವಾಗಿ. ಜೂನ್ ಹೊತ್ತಿಗೆ ಮಳೆ ಹಿಡಿಯುತ್ತದೆ. ಆಟಿಯ ಹೊತ್ತಿಗೆ ಎಲ್ಲರೂ ಮನೆಯೊಳಗೆ. ಹೊಸಬರನ್ನು ಕರೆಯಲೂ ಅದೇ ಹೊತ್ತು.

ಕರೆಯುವ ಕ್ರಮವೂ ಬದಲಾಗಿದೆ. ಲಿಂಕ್ ಹಂಚುವುದಿಲ್ಲ. ಹೊಸಬರನ್ನು ಒಬ್ಬ ಸದಸ್ಯರು ಕೈಹಿಡಿದು ಕರೆತರಬೇಕು; ಮೊದಲ ಮೂರು ಆಟ ಅವರೇ ಜೊತೆ ಆಡಿ, ಎಲ್ಲಿ ತಪ್ಪಿತೆಂದು ಹೇಳಿಕೊಡಬೇಕು. ಒಂದು ಸಲಕ್ಕೆ ಒಬ್ಬರೇ. ಯಾರಾದರೂ ಹೋದರೆ ಆ ಜಾಗಕ್ಕೆ ಮಾತ್ರ ಇನ್ನೊಬ್ಬರು.

ಈ ಬಿಗಿಗೆ ಒಂದು ಕಹಿ ಕಾರಣವೂ ಉಂಟು. ಹಳೆಯ ದೊಡ್ಡ ಗುಂಪಿನಲ್ಲಿ ಯಾರದೋ ಪರಿಚಯದವರು ಹಣ ಕಟ್ಟಿ ಆಡುವ ರಮ್ಮಿಯ ಲಿಂಕ್ ಹಾಕಿದ್ದರು. ನಮ್ಮವರೇ ಒಬ್ಬರು ಅದಕ್ಕೆ ಬಿದ್ದರು. ಎಷ್ಟು ಕಳೆದುಕೊಂಡರೋ ಹೇಳಲಿಲ್ಲ. ಒಂದು ರಾತ್ರಿ ಗುಂಪು ಬಿಟ್ಟರು, ಆಮೇಲೆ ಮನೆಯ ಕಾರ್ಯಕ್ರಮಗಳಿಗೂ ಬರುವುದು ಬಿಟ್ಟರು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಪಣವಿಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ತಂದಿತು. ಇ-ಸ್ಪೋರ್ಟ್ಸ್‌ಗೆ, ಹಣದ ಪಣವಿಲ್ಲದೆ ಮನರಂಜನೆಗೆ ಆಡುವ ಆಟಗಳಿಗೆ ಅಡ್ಡಿ ಇಲ್ಲ. ಕಾಯ್ದೆ ಬರುವ ಮೊದಲೇ ನಮ್ಮಲ್ಲಿ ನಿಯಮ ಇತ್ತು: ಒಂದು ಕಾಫಿಯ ಪಂಥವೂ ಬೇಡ.

ಕಾರ್ಕಳದ ಆಟ

ಹುಡುಗಿ ಕೊನೆಗೂ ಆಟಕ್ಕೆ ಮರಳಿದಳು. ಹತ್ತನೆಯ ಪರೀಕ್ಷೆ ಮುಗಿಸಿ, ಯಾರೂ ಕರೆಯದೆ, ತಾನಾಗಿ. ಅಂಚೆ ಆಟಕ್ಕೆ ಅವಳು ಆರಿಸಿಕೊಂಡದ್ದು ಮಾವನನ್ನೇ. ನಡೆಗೆ ಎರಡು ದಿನದ ಗಡು. ಆದರೆ ಮಾವ ಅಷ್ಟು ಕಾಯುವವರಲ್ಲ. ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದು ನಡೆ ಇಟ್ಟೇ ಪೇಪರು ಬಿಡಿಸುವುದು. ಅವರು ಒಬ್ಬರೇ ಇರುವುದು, ಮಗ ಬೆಂಗಳೂರಿನಲ್ಲಿ.

2025ರ ಆಟಿಯಲ್ಲಿ ಒಂದು ಬೆಳಿಗ್ಗೆ ಅವಳು ಕೊಡೆ ಹಿಡಿದು ಮನೆ ಬಾಗಿಲಿಗೇ ಬಂದಳು. “ಆಂಟಿ, ಕಾರ್ಕಳದ ಅಜ್ಜ ನಿನ್ನೆಯೂ ನಡೆ ಇಡ್ಲಿಲ್ಲ, ಇವತ್ತೂ ಇಡ್ಲಿಲ್ಲ.”

ಫೋನ್ ಮಾಡಿದೆ, ಸ್ವಿಚ್ ಆಫ್. ಬೆಂಗಳೂರಿಗೆ ಮಾಡಿದೆ, ಮಗನಿಗೂ ಸಿಕ್ಕಿರಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು. ಮಾವನ ನೆರೆಮನೆಯವರ ನಂಬರು ಹುಡುಕಿ ತೆಗೆಯುವಷ್ಟರಲ್ಲಿ ಅರ್ಧ ಗಂಟೆ. ಅವರು ಮಳೆಯಲ್ಲೇ ಹೋಗಿ ತಮ್ಮ ಫೋನನ್ನು ಮಾವನ ಕೈಗೆ ಕೊಟ್ಟರು.

“ಎಂತ ಆಯ್ತು ನಿಮ್ಗೆಲ್ಲ? ತಂತಿ ಮೇಲೆ ಮರ ಬಿದ್ದು ಎರಡು ದಿನದಿಂದ ಕರೆಂಟಿಲ್ಲ, ಫೋನು ಸತ್ತಿದೆ. ನಾನು ಆರಾಮ ಇದ್ದೇನೆ” ಎಂದರು. ಮತ್ತೆ ದನಿ ತಗ್ಗಿಸಿ, “ಆ ಹುಡುಗಿಯ ಕುದುರೆ ನನ್ನ ಆನೆ, ರಾಜ ಎರಡಕ್ಕೂ ಬಾಯಿ ಹಾಕಿದೆ. ಮರದ ಮಣೆಯಲ್ಲಿ ಜೋಡಿಸಿ ನೋಡ್ತಾ ಕೂತಿದ್ದೇನೆ. ಕರೆಂಟು ಬರ್ಲಿ ಅಂತ ಹೇಳು ಅವಳಿಗೆ.”

ಕರೆಂಟು ಬರುವ ಮೊದಲೇ ಗಡು ಮುಗಿದು, ಅವಳು ಗೆದ್ದಳೆಂದು ಲಿಚೆಸ್ ಘೋಷಿಸಿತು. “ಅದೆಂತ ಗೆದ್ದದ್ದು!” ಎಂದು ಅವಳು ಅದೇ ಸ್ಥಿತಿಯಲ್ಲಿ ಕಾಯಿಗಳನ್ನು ಜೋಡಿಸಿ ಹೊಸ ಆಟಕ್ಕೆ ಮಾವನನ್ನು ಕರೆದಳು.

ಹತ್ತು ದಿನ ಕಳೆದು ಮಾವ ಸೋತರು. ಗುಂಪಿನಲ್ಲಿ ನಗುವ ಚಿತ್ರ ಯಾರೂ ಹಾಕಲಿಲ್ಲ. ಆ ಸಂಜೆ ಅವರೇ ಹುಡುಗಿಗೆ ಫೋನ್ ಮಾಡಿ, ತಾನು ಎಲ್ಲಿ ತಪ್ಪಿದೆ ಎಂದು ಅರ್ಧ ಗಂಟೆ ಮಾತಾಡಿದರು.

ಇಂಥ ಗುಂಪು ಮಾಡುವವರಿಗೆ ಕೆಲವು ಅನುಕೂಲಗಳು

• ಲಿಚೆಸ್‌ನಲ್ಲಿ ಯಾರೂ ಉಚಿತವಾಗಿ ಒಂದು ತಂಡ ತೆರೆಯಬಹುದು. ಕೇಳಿದವರನ್ನು ನೋಡಿ ಒಪ್ಪಿಗೆ ಕೊಡುವ ಆಯ್ಕೆಯನ್ನು ಇಟ್ಟುಕೊಳ್ಳಿ.

• ‘ಕ್ಯಾಶುವಲ್’ ಆಟ ಆರಿಸಿದರೆ ರೇಟಿಂಗ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ರೇಟಿಂಗ್ ಕಾಣದಂತೆ ಮಾಡುವ ಸೌಲಭ್ಯವೂ ಇದೆ.

• ತಂಡದೊಳಗೆ ‘ಸ್ವಿಸ್’ ಪಂದ್ಯಾವಳಿ ಇಟ್ಟರೆ ಸೋತವರು ಹೊರಬೀಳುವುದಿಲ್ಲ. ಸಮಾನ ಅಂಕ ಇರುವವರು ಮುಂದಿನ ಸುತ್ತಿನಲ್ಲಿ ಎದುರಾಗುತ್ತಾರೆ, ಎಲ್ಲರೂ ಕೊನೆಯ ತನಕ ಆಡುತ್ತಾರೆ.

• ಸಣ್ಣ ಮಕ್ಕಳಿದ್ದರೆ ಅವರ ಖಾತೆಯಲ್ಲಿ ‘ಕಿಡ್ ಮೋಡ್’ ಹಾಕಿ. ಅಪರಿಚಿತರ ಮಾತು, ಸಂದೇಶ ಯಾವುದೂ ಬರುವುದಿಲ್ಲ.

• ಒಬ್ಬರೇ ಇರುವ ಹಿರಿಯರು ಗುಂಪಿನಲ್ಲಿದ್ದರೆ ಅವರ ನೆರೆಮನೆಯ ಫೋನ್ ನಂಬರನ್ನು ಕೇಳಿ ಬರೆದಿಟ್ಟುಕೊಳ್ಳಿ. ಇದನ್ನು ನಾವು ತಡವಾಗಿ ಕಲಿತೆವು.